ನೋಡುವವರಿಲ್ಲದ ಆಟ

ನಮ್ಮ ಕಡೆ ‘ಆಟ’ ಎಂದರೆ ಯಕ್ಷಗಾನ ಬಯಲಾಟ. ‘ಇವತ್ತು ಎಲ್ಲಿ ಆಟ?’ ಎಂದು ಕೇಳಿದವನಿಗೆ ಯಾರೂ ಕಬಡ್ಡಿಯ ಅಂಗಣವನ್ನು ತೋರಿಸುವುದಿಲ್ಲ. ವೇಷ ಕಟ್ಟಿ ಇನ್ನೊಬ್ಬನಾಗುವುದೂ ಆಟ, ಚೆಂಡು ಹೊಡೆಯುವುದೂ ಆಟ ಎಂಬ ಈ ಪದದ ಔದಾರ್ಯವು ಒಂದು ವಿದೇಶೀ ಹವ್ಯಾಸವನ್ನು ಅರ್ಥ ಮಾಡಿಕೊಳ್ಳಲು ನಮಗೆ ಬಹಳ ಉಪಕಾರಿ. ಅಮೆರಿಕ, ಇಂಗ್ಲೆಂಡ್ ಮತ್ತು ಯುರೋಪಿನ ಉತ್ತರದ ದೇಶಗಳಲ್ಲಿ ನಾಲ್ಕು ದಶಕಗಳಿಂದ ಬೆಳೆದು ಬಂದ ಈ ಹವ್ಯಾಸದ ಹೆಸರು ‘ಲಾರ್ಪ್’. ಲೈವ್ ಆಕ್ಷನ್ ರೋಲ್ ಪ್ಲೇಯಿಂಗ್ ಎಂಬ ನಾಲ್ಕು ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರದು. ಪಾತ್ರವಾಗಿ ಆಡುವ ಆಟ ಎಂದು ನಾವು ಕರೆಯಬಹುದು.

ಇಪ್ಪತ್ತು ಮೂವತ್ತು ಮಂದಿ ಒಂದು ಕೋಣೆಯಲ್ಲಿ ಸೇರುತ್ತಾರೆ. ಪ್ರತಿಯೊಬ್ಬರಿಗೂ ಒಂದು ಪಾತ್ರ. ತಾನು ಯಾರು, ತನಗೆ ಏನು ಬೇಕು, ಯಾರ ಮೇಲೆ ಪ್ರೀತಿ, ಯಾರ ಮೇಲೆ ಹಗೆ ಎಂಬುದು ಪಾತ್ರಧಾರಿಗೆ ಗೊತ್ತು. ಆಡಬೇಕಾದ ಮಾತನ್ನು ಮಾತ್ರ ಯಾರೂ ಬರೆದು ಕೊಟ್ಟಿರುವುದಿಲ್ಲ. ಮೂರು ನಾಲ್ಕು ಗಂಟೆ ಅವರು ಆ ಪಾತ್ರಗಳಾಗಿಯೇ ನಡೆದಾಡುತ್ತಾರೆ, ಮಾತಾಡುತ್ತಾರೆ, ಜಗಳವಾಡುತ್ತಾರೆ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ತೀರ ಅಪರಿಚಿತವೆನಿಸಲಾರದು. ನಮ್ಮ ಅರ್ಥಧಾರಿಯೂ ಮಾತನ್ನು ಬಾಯಿಪಾಠ ಮಾಡಿ ಬರುವುದಿಲ್ಲ. ಎದುರಾಳಿಯ ಮಾತಿನಿಂದಲೇ ತನ್ನ ಮಾತನ್ನು ಹುಟ್ಟಿಸಿಕೊಳ್ಳುತ್ತಾನೆ. ಆದರೆ ಎರಡು ದೊಡ್ಡ ವ್ಯತ್ಯಾಸಗಳಿವೆ. ಕರ್ಣ ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗದ ಕೊನೆಗೆ ಅವನು ಬೀಳಲೇಬೇಕು; ಲಾರ್ಪಿನಲ್ಲಿ ಕಥೆಯ ಕೊನೆ ಸಾಮಾನ್ಯವಾಗಿ ಆಟಗಾರರ ಕೈಯಲ್ಲೇ ಇರುತ್ತದೆ. ಎರಡನೆಯದು, ಅಲ್ಲಿ ಸಭೆಯೇ ಇಲ್ಲ. ಕೋಣೆಯಲ್ಲಿದ್ದವರೆಲ್ಲ ಪಾತ್ರಧಾರಿಗಳೇ. ಚಪ್ಪಾಳೆ ತಟ್ಟುವವರಿಲ್ಲ, ಮರುದಿನ ವಿಮರ್ಶೆ ಬರೆಯುವವರಿಲ್ಲ.

ಹುಟ್ಟಿದ ಬಗೆ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ವೀರರ ಮತ್ತು ಮಾಂತ್ರಿಕರ ಕಥೆಯನ್ನು ಬಾಯಿಮಾತಿನಲ್ಲೇ ಕಟ್ಟುವ ಆಟವದು. ಕುಳಿತು ಹೇಳುವುದನ್ನು ಎದ್ದು ನಿಂತು ಮಾಡಿದರೇನು ಎಂದು ಕೆಲವರಿಗೆ ತೋರಿದ್ದು ಸಹಜ. 1982ರಲ್ಲಿ ಇಂಗ್ಲೆಂಡಿನ ಚೆಶೈರ್ ಪ್ರಾಂತದ ಪೆಕ್‌ಫರ್ಟನ್ ಕೋಟೆಯಲ್ಲಿ ‘ಟ್ರೆಷರ್ ಟ್ರ್ಯಾಪ್’ ಎಂಬ ಆಟ ಆರಂಭವಾಯಿತು. ಜನರು ವೇಷ ತೊಟ್ಟು, ಮೆತ್ತೆ ಸುತ್ತಿದ ಖಡ್ಗ ಹಿಡಿದು ಕೋಟೆಯ ಕತ್ತಲ ಕೋಣೆಗಳಲ್ಲಿ ರಾಕ್ಷಸರನ್ನು ಹುಡುಕಿ ಹೊರಟರು. ಕೋಟೆಯಾದರೋ 19ನೆಯ ಶತಮಾನದಲ್ಲಿ ಹಳೆಯ ಕೋಟೆಯಂತೆ ಕಾಣಲೆಂದೇ ಕಟ್ಟಿಸಿದ ಶ್ರೀಮಂತರ ಮನೆ. ವೇಷ ಹಾಕಿದ ಕಟ್ಟಡದಲ್ಲಿ ವೇಷ ಹಾಕಿದ ಜನ!

ಅದೇ 1982ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ ‘ಸೊಸೈಟಿ ಫಾರ್ ಇಂಟರ್‌ಆಕ್ಟಿವ್ ಲಿಟರೇಚರ್’ ಎಂಬ ಕೂಟ ಹುಟ್ಟಿತು. ಈ ಕೂಟದವರಿಗೆ ಖಡ್ಗಕ್ಕಿಂತ ಕಥೆಯಲ್ಲಿ ಹೆಚ್ಚು ಆಸಕ್ತಿ. ವಿಜ್ಞಾನ ಕಥಾಪ್ರಿಯರ ಸಮ್ಮೇಳನಗಳ ನಡುವೆ ಹೋಟೆಲಿನಲ್ಲೇ ಇವರ ಆಟಗಳು ನಡೆದವು. ಮುಂದೆ ಇಂಥ ಆಟಗಳಿಗಾಗಿಯೇ ವಾರಾಂತ್ಯದ ಸಮ್ಮೇಳನಗಳು ಹುಟ್ಟಿಕೊಂಡವು. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನಲ್ಲಿ ನಡೆದು ಬಂದ ‘ಇಂಟರ್‌ಕಾನ್’ ಅವುಗಳಲ್ಲಿ ಪ್ರಸಿದ್ಧವಾದುದು.

ಶುಕ್ರವಾರದಿಂದ ಭಾನುವಾರ

ಇಂಥ ಸಮ್ಮೇಳನದ ಕ್ರಮ ಹೀಗೆ. ಶುಕ್ರವಾರ ಸಂಜೆ ಜನ ಹೋಟೆಲಿಗೆ ಬಂದಿಳಿಯುತ್ತಾರೆ. ಅಂದು ರಾತ್ರಿ ಒಂದು ಆಟ, ಶನಿವಾರ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು, ಭಾನುವಾರ ಬೆಳಗ್ಗೆ ಕೊನೆಯದು. ಒಂದೇ ಹೊತ್ತಿಗೆ ಹಲವು ಕೋಣೆಗಳಲ್ಲಿ ಹಲವು ಆಟಗಳು. ಯಾರಿಗೆ ಯಾವ ಆಟ ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಆಡಿಸುವವರು ವಾರಗಳ ಮೊದಲೇ ಪ್ರಶ್ನೆ ಕಳುಹಿಸಿ ಕೇಳುತ್ತಾರೆ: ನಿಮಗೆ ಒಳಸಂಚು ಇಷ್ಟವೋ, ಪ್ರೇಮಪ್ರಸಂಗವೋ, ತಮಾಷೆಯೋ? ಯಾವ ವಿಷಯ ಬೇಡ? ಉತ್ತರ ನೋಡಿ ಪಾತ್ರ ಹಂಚಿ, ಪಾತ್ರದ ವಿವರ ಬರೆದ ಹಾಳೆಗಳನ್ನು ಕಳುಹಿಸುತ್ತಾರೆ. ಬೆಳಗ್ಗೆ ಚಂದ್ರಲೋಕದ ಗಣಿಯಲ್ಲಿ ಕಾರ್ಮಿಕನಾದವನು ಮಧ್ಯಾಹ್ನ ಕಿರೀಟವಿಲ್ಲದ ರಾಜನಾಗಿ, ರಾತ್ರಿ ಊರು ಬಿಟ್ಟು ಹೊರಟ ವಿಧವೆಯೂ ಆದಾನು. ರಂಗಸಜ್ಜಿಕೆ ಎಂದರೆ ಹೋಟೆಲಿನ ಮೇಜು ಕುರ್ಚಿಗಳೇ. ರಾಜಮುದ್ರೆ ಎಂದು ಬರೆದ ರಟ್ಟಿನ ಚೀಟಿಯೇ ರಾಜಮುದ್ರೆ. ಜಗಳ ಹೊಡೆದಾಟಕ್ಕೆ ಹೋದರೆ ಅನೇಕ ಆಟಗಳಲ್ಲಿ ಕೈ ಮಾಡುವಂತಿಲ್ಲ. ಕಲ್ಲು, ಕಾಗದ, ಕತ್ತರಿ ಎಂದು ಬೆರಳು ತೋರಿಸಿ ಸೋಲು ಗೆಲುವು ತೀರ್ಮಾನ.

ಆಡಿಸುವವರ ಪಾಡು

ನಮ್ಮಲ್ಲಿ ‘ಆಟ ಆಡಿಸುವುದು’ ಎಂದರೆ ಮೇಳಕ್ಕೆ ವೀಳ್ಯ ಕೊಟ್ಟು ಸೇವೆಯಾಟ ಮಾಡಿಸುವುದು. ಲಾರ್ಪಿನಲ್ಲಿ ಆಡಿಸುವುದು ಎಂದರೆ ಕಥೆ ಬರೆಯುವುದರಿಂದ ಹಿಡಿದು ಕುರ್ಚಿ ಎತ್ತಿಡುವ ತನಕ ಎಲ್ಲವೂ. ಸಮ್ಮೇಳನದ ನಿಜವಾದ ಜೀವ ಇರುವುದು ಇಲ್ಲಿ.

ಒಂದು ಆಟವನ್ನು ಕಲ್ಪಿಸಿಕೊಳ್ಳಿ. ಶ್ರೀಮಂತನೊಬ್ಬ ಸತ್ತಿದ್ದಾನೆ. ಉಯಿಲು ಓದುವ ದಿನ ಹದಿನಾರು ಮಂದಿ ಅವನ ಮನೆಯಲ್ಲಿ ಸೇರಿದ್ದಾರೆ. ಹಿರಿಯ ಮಗಳು, ಸಾಲಗಾರ ಅಳಿಯ, ವಕೀಲ, ಅಡುಗೆಯವಳು ಇತ್ಯಾದಿ. ಉಯಿಲು ಬದಲಾದ ಗುಟ್ಟು ಗೊತ್ತಿರುವುದು ಅಡುಗೆಯವಳಿಗೆ ಮಾತ್ರ. ಕಾಗದದ ಮೇಲೆ ಕಥೆ ಸೊಗಸಾಗಿದೆ. ಆದರೆ ಆ ಪಾತ್ರ ವಹಿಸಿದಾಕೆ ಮೊದಲ ಹತ್ತು ನಿಮಿಷದಲ್ಲೇ ಗುಟ್ಟನ್ನು ಹೇಳಿಬಿಟ್ಟರೆ? ಉಳಿದ ಮೂರು ಗಂಟೆ ಅವಳು ಮೂಲೆಯಲ್ಲಿ ಕುಳಿತು ಗಡಿಯಾರ ನೋಡಬೇಕು. ಅವಳು ಹೇಳದೆಯೇ ಉಳಿದರೆ ಹದಿನೈದು ಮಂದಿಯ ಕಥೆ ಹೆಪ್ಪುಗಟ್ಟುತ್ತದೆ. ಜ್ವರ ಬಂದು ಅವಳು ಬಾರದೆಯೇ ಹೋದರಂತೂ ಆಟವೇ ಮುಗಿಯಿತು.

ಆದುದರಿಂದ ಅನುಭವಸ್ಥರು ಮುಖ್ಯ ಗುಟ್ಟನ್ನು ಒಬ್ಬರ ಬಳಿ ಇಡುವುದಿಲ್ಲ. ಎರಡು ಮೂರು ಕಡೆ ತುಂಡು ತುಂಡಾಗಿ ಇಡುತ್ತಾರೆ. ಯಾವ ಪಾತ್ರಕ್ಕೂ ಒಂದೇ ಕೆಲಸ ಕೊಡುವುದಿಲ್ಲ. ಬೇಕಾದುದೊಂದು, ಬಚ್ಚಿಡಬೇಕಾದುದೊಂದು, ಹೋಗಿ ಮಾತಾಡಲೇಬೇಕಾದ ಇಬ್ಬರು ಮೂವರು, ಇಷ್ಟಾದರೂ ಇಲ್ಲದವನ ಪಾತ್ರ ಪಾತ್ರವಲ್ಲ. ಜನ ಕಡಿಮೆಯಾದರೆ ಕಥೆ ಕುಂಟದಂತೆ ತೆಗೆದುಬಿಡಬಹುದಾದ ಪಾತ್ರಗಳನ್ನೂ ಮೊದಲೇ ಗುರುತಿಸಿಡುತ್ತಾರೆ.

ಆಟ ಶುರುವಾದ ಮೇಲೆ ಆಡಿಸುವವನ ಕಣ್ಣು ಮೂಲೆಗಳ ಮೇಲೆ. ನಡುವೆ ನಿಂತು ಗಟ್ಟಿಯಾಗಿ ಮಾತಾಡುವವನ ಚಿಂತೆ ಅವನಿಗಿಲ್ಲ. ಗೋಡೆಗೆ ಒರಗಿ ನಿಂತವನ ಚಿಂತೆ. ಅವನ ಕೈಗೆ ಒಂದು ಪತ್ರ ತಲುಪಿಸುವುದು, ಇನ್ನೊಬ್ಬನ ಕಿವಿಯಲ್ಲಿ ಒಂದು ವದಂತಿ ಊದುವುದು, ಯಾರೂ ಎಣಿಸದ ಉಪಾಯ ಹೇಳಿ ಬಂದ ಆಟಗಾರನಿಗೆ ‘ಆಗದು’ ಎನ್ನದೆ ‘ಆದೀತು, ಆದರೆ ಇಷ್ಟು ಬೆಲೆ ತೆರಬೇಕು’ ಎನ್ನುವುದು, ಇವೆಲ್ಲ ಅವನ ಕೆಲಸ. ಡೆನ್ಮಾರ್ಕಿನಲ್ಲಿ 1986ರಲ್ಲಿ ಆರಂಭವಾದ ‘ಫಾಸ್ತವಾಲ್’ ಎಂಬ ಈಸ್ಟರ್ ಹಬ್ಬದ ಸಮ್ಮೇಳನದಲ್ಲಿ ಈ ಕೆಲಸ ಇನ್ನೂ ಕಠಿಣ. ಬರೆದವರು ಬೇರೆ, ಆಡಿಸುವವರು ಬೇರೆ. ಅಪರಿಚಿತನೊಬ್ಬ ಓದಿ ಆಡಿಸಬಲ್ಲಷ್ಟು ಸ್ಪಷ್ಟವಾಗಿ ಲೇಖಕ ಬರೆದುಕೊಡಬೇಕು. ಒಳ್ಳೆಯ ಬರವಣಿಗೆಗೆ ಅಲ್ಲಿ ‘ಒಟ್ಟೊ’ ಎಂಬ ಬಹುಮಾನವೂ ಉಂಟು.

ನಿಲ್ಲಿಸುವ ಹಕ್ಕು

ದೊಡ್ಡವರಿಗೇಕೆ ಈ ಮಕ್ಕಳಾಟ ಎಂದು ನಗುವವರು ಅಲ್ಲಿಯೂ ಇದ್ದಾರೆ. ಆದರೆ ಎಲ್ಲ ಆಟಗಳೂ ನಗುವ ಆಟಗಳಲ್ಲ. 2011ರಲ್ಲಿ ನಾರ್ವೆಯಲ್ಲಿ ಮೊದಲು ಆಡಿದ ‘ಜಸ್ಟ್ ಎ ಲಿಟಲ್ ಲವಿನ್’ ಎಂಬ ದೀರ್ಘ ಲಾರ್ಪಿನ ವಸ್ತು 1980ರ ದಶಕದ ನ್ಯೂಯಾರ್ಕಿಗೆ ಏಡ್ಸ್ ಕಾಲಿಟ್ಟ ಸಂದರ್ಭ. 1982, 1983 ಮತ್ತು 1984ರ ಜುಲೈ 4ರಂದು ಒಂದೇ ಗೆಳೆಯರ ಬಳಗ ಹಬ್ಬಕ್ಕೆ ಸೇರುತ್ತದೆ. ನಡುವೆ ಯಾರು ಸಾಯುತ್ತಾರೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಕಣ್ಣೀರು ನಟನೆಯದಾದರೂ ಒದ್ದೆ ಒದ್ದೆಯೇ. ಪಾತ್ರದ ದುಃಖ ಪಾತ್ರಧಾರಿಯೊಳಕ್ಕೂ, ಪಾತ್ರಧಾರಿಯ ದುಃಖ ಪಾತ್ರದೊಳಕ್ಕೂ ಇಳಿಯುವ ಈ ಸೋರಿಕೆಗೆ ಅವರಲ್ಲಿ ‘ಬ್ಲೀಡ್’ ಎಂಬ ಹೆಸರೇ ಇದೆ.

ಹಾಗಾಗಿ ಆಟಕ್ಕೆ ಮೊದಲು ಕೆಲವು ಮಾತುಗಳನ್ನು ಒಪ್ಪಿಕೊಂಡಿರಬೇಕು. ನಾರ್ವೆಯವರು ರೂಢಿಗೆ ತಂದವು ಎರಡು: ‘ಕುಟ್’ ಎಂದರೆ ಎಲ್ಲರೂ ಆ ಕ್ಷಣವೇ ಆಟ ನಿಲ್ಲಿಸಬೇಕು, ‘ಬ್ರೆಮ್ಸ್’ ಎಂದರೆ ಇಲ್ಲಿಂದ ಮುಂದೆ ಒತ್ತಬೇಡಿ, ಹಗುರವಾಗಿ ಸಾಗಿ. ಏಕೆ ಎಂದು ಯಾರೂ ಕೇಳುವಂತಿಲ್ಲ. ಆಟ ಮುಗಿದ ಮೇಲೆ ವೇಷ ಕಳಚಿ, ವೃತ್ತವಾಗಿ ಕುಳಿತು ತಮ್ಮ ಹೆಸರು ಹೇಳಿ ಮಾತಾಡುವ ಪದ್ಧತಿಯೂ ಹಲವೆಡೆ ಇದೆ. ಸುಖವಾಗಿ ನಗಿಸುವ ಆಟಕ್ಕಿಂತ ಅಳಿಸುವ ಆಟಕ್ಕೆ ಹೆಚ್ಚು ನಂಬಿಕೆ ಬೇಕು. ಆ ನಂಬಿಕೆ ಒಮ್ಮೆ ಮುರಿದರೆ ಎಷ್ಟು ಚೆಂದದ ಕಥೆಯೂ ಅದನ್ನು ಮತ್ತೆ ಕಟ್ಟಲಾರದು.

ಉತ್ತರ ಯುರೋಪಿನವರು ಇದನ್ನೆಲ್ಲ ಕೂಡಿ ಚಿಂತಿಸಲೆಂದೇ 1997ರಲ್ಲಿ ಓಸ್ಲೊದಲ್ಲಿ ‘ಕ್ನೂಟೆಪುಂಕ್ಟ್’ ಎಂಬ ಸಮ್ಮೇಳನ ಆರಂಭಿಸಿದರು. ಅದು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್‌ಲೆಂಡ್‌ಗಳಲ್ಲಿ ಸರದಿಯಂತೆ ನಡೆದು ಬಂದಿದೆ. ಡೆನ್ಮಾರ್ಕಿನ ಹೋಬ್ರೊ ಎಂಬ ಪಟ್ಟಣದಲ್ಲಿ 2006ರಲ್ಲಿ ಪಾತ್ರವಾಡುವ ಆಟದ ಮೂಲಕವೇ ಪಾಠ ಹೇಳುವ ಒಂದು ವಸತಿಶಾಲೆಯೂ ತೆರೆಯಿತು. ಮಕ್ಕಳಾಟವೆಂದು ನಕ್ಕವರಿಗೆ ಅದು ಒಂದು ಉತ್ತರ.

ಊಟದ ಪಂಕ್ತಿಯಲ್ಲಿ ಬಡಿಸುವವನು ಎಲ್ಲರ ಎಲೆ ನೋಡಿ ಕೊನೆಗೆ ಉಣ್ಣುತ್ತಾನೆ. ವಾರಾಂತ್ಯದ ಈ ಆಟಗಳನ್ನು ಆಡಿಸುವವರ ಸ್ಥಿತಿಯೂ ಅದೇ. ಇಂಟರ್‌ಕಾನಿನಂಥ ಕಡೆ ಅವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ತಾವೇ ಬರೆದ ಕಥೆಯ ಬಹುಪಾಲು ಅವರ ಕಣ್ಣಿಗೆ ಬೀಳುವುದೂ ಇಲ್ಲ. ಅದು ಆ ಮೂಲೆಯಲ್ಲಿ, ಈ ಬಾಗಿಲ ಹಿಂದೆ, ಇಬ್ಬರ ಪಿಸುಮಾತಿನಲ್ಲಿ ನಡೆದು ಹೋಗಿರುತ್ತದೆ. ಆಟ ಮುಗಿದ ಮೇಲೆ ಅಡುಗೆಯವಳ ಪಾತ್ರ ಮಾಡಿದಾಕೆ ಬಂದು, ವಕೀಲ ಕೊನೆಗೆ ತನ್ನಲ್ಲಿ ಏನೆಂದು ಹೇಳಿದ ಎಂಬುದನ್ನು ಉತ್ಸಾಹದಿಂದ ತಿಳಿಸಿದಾಗಲೇ ಅವರಿಗೂ ಗೊತ್ತಾಗುವುದು. ಅವರ ಪಾಲಿನ ಊಟ ಅದು.