ಮೋಟಾರಿನ ಶಕ್ತಿವರ್ಧನೆ: ಯಾವುದು ಮೊದಲು, ಯಾವುದು ತರುವಾಯ?

ಮೋಟಾರು ಗಾಡಿಯನ್ನು ಕೇವಲ ಪ್ರಯಾಣಸಾಧನವೆಂದು ಎಣಿಸದೆ, ಅದರ ವೇಗವನ್ನೂ ಚುರುಕನ್ನೂ ಹೆಚ್ಚಿಸಿಕೊಳ್ಳಬೇಕೆಂದು ಹಂಬಲಿಸುವ ತರುಣರು ಈಗ ಅನೇಕ ಮನೆಗಳಲ್ಲಿರುವರು. ಇದಕ್ಕೆ ತಗಲುವ ವೆಚ್ಚವನ್ನು ಕುರಿತು ಹಿರಿಯರಿಗೆ ಚಿಂತೆಯಾಗುವುದು ಸಹಜವೇ. ಆದರೆ ವೆಚ್ಚಕ್ಕಿಂತಲೂ ವಿಚಾರಾರ್ಹವಾದ ಸಂಗತಿ ಮತ್ತೊಂದುಂಟು. ಯಾವ ಭಾಗವನ್ನು ಮೊದಲು ಬದಲಾಯಿಸತಕ್ಕದ್ದು, ಯಾವುದನ್ನು ತರುವಾಯ ಜೋಡಿಸತಕ್ಕದ್ದು ಎಂಬ ಅನುಕ್ರಮವೇ ಅದು. ಅನುಕ್ರಮವು ತಪ್ಪಿದರೆ, ಒಳ್ಳೆಯ ಬೆಲೆ ಕೊಟ್ಟು ತಂದ ಒಳ್ಳೆಯ ಭಾಗಗಳೇ ಇಂಜಿನನ್ನು ಒಡೆಯಬಲ್ಲವು. ಗಾಡಿಯಲ್ಲಿ ಕುಳಿತವರ ಪ್ರಾಣಕ್ಕೂ ಸಂಚಕಾರ ತರಬಲ್ಲವು.

ಒಂದು ಗಾಡಿಯನ್ನೇ ಮುಂದಿಟ್ಟುಕೊಂಡು ನೋಡುವುದು ಲೇಸು. ಜಪಾನಿನ ಮಾಜ್ದಾ ಕಂಪೆನಿಯವರು 1989ರಲ್ಲಿ ಅಮೆರಿಕದ ಚಿಕಾಗೋ ನಗರದ ಪ್ರದರ್ಶನದಲ್ಲಿ ಮಿಯಾಟ ಎಂಬ ಎರಡು ಆಸನಗಳ ಪುಟ್ಟ ಗಾಡಿಯನ್ನು ಹೊರತಂದರು. 2016ರ ವೇಳೆಗೆ ಈ ಜಾತಿಯ ಗಾಡಿಗಳು ಹತ್ತು ಲಕ್ಷಕ್ಕೆ ಮೀರಿ ತಯಾರಾಗಿದ್ದುವು. ಹಳೆಯ ಮಿಯಾಟವನ್ನು ಕೊಂಡು ಅದಕ್ಕೆ ಟರ್ಬೋ ಜೋಡಿಸುವುದು ಅಮೆರಿಕದ ಹವ್ಯಾಸಿಗಳಿಗೆ ಬಹು ಪ್ರಿಯವಾದ ಉದ್ಯೋಗ. ಟರ್ಬೋ ಎಂಬುದು ಇಂಜಿನಿನಿಂದ ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗುತ್ತ, ಇಂಜಿನಿನೊಳಕ್ಕೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲನ್ನು ಹೆಚ್ಚಾಗಿ ಉರಿಸಬಹುದು, ಶಕ್ತಿಯೂ ಹೆಚ್ಚುವುದು.

ಇಲ್ಲಿ ತಯಾರಕರ ನಡೆಯೇ ನಮಗೆ ಪಾಠವಾಗಿದೆ. ಮೊದಲಿನ ಮಿಯಾಟದ ಇಂಜಿನು 1.6 ಲೀಟರಿನದು. ಅಮೆರಿಕದಲ್ಲಿ ಮಾರಿದ 1994ರ ಮಾದರಿಯಲ್ಲಿ ಅದನ್ನು 1.8 ಲೀಟರಿಗೆ ಏರಿಸಿದರು. ಹೆಚ್ಚಿದ್ದು ಸುಮಾರು 12 ಅಶ್ವಶಕ್ತಿ ಮಾತ್ರ. ಅಷ್ಟಕ್ಕೇ ಅವರು ಬ್ರೇಕಿನ ತಟ್ಟೆಗಳನ್ನು ದೊಡ್ಡದು ಮಾಡಿದರು. ಹಿಂಚಕ್ರಗಳಿಗೆ ಶಕ್ತಿಯನ್ನು ಹಂಚುವ ಡಿಫರೆನ್ಷಿಯಲ್ಲನ್ನು ಬಲಪಡಿಸಿದರು. ಗಾಡಿಯ ಒಡಲಿಗೂ ಆಧಾರದ ಪಟ್ಟಿಗಳನ್ನು ಕೊಟ್ಟರು. ಹೀಗಿರಲು, ಟರ್ಬೋ ಜೋಡಿಸಿ ಹಲವು ಹತ್ತು ಅಶ್ವಶಕ್ತಿಯನ್ನು ಒಮ್ಮೆಗೇ ಏರಿಸುವವನು ಉಳಿದ ಭಾಗಗಳನ್ನು ಇದ್ದಂತೆಯೇ ಬಿಡುವುದು ಸಾಹಸವಲ್ಲ, ಅವಿವೇಕ.

ಆದಕಾರಣ ಭಾರವನ್ನು ಹೊರುವ ಭಾಗಗಳು ಮೊದಲು, ಭಾರವನ್ನು ಹೇರುವ ಭಾಗಗಳು ಕಡೆಗೆ. ಎಲ್ಲಕ್ಕೂ ಮೊದಲು ಇಂಜಿನಿನ ನಾಲ್ಕು ಸಿಲಿಂಡರುಗಳ ಒತ್ತಡವನ್ನು ಅಳೆದು ನೋಡಬೇಕು. ಒಂದರಲ್ಲಿ ಒತ್ತಡ ಕುಗ್ಗಿದ್ದರೆ ಶಕ್ತಿವರ್ಧನೆಯ ಮಾತನ್ನೇ ನಿಲ್ಲಿಸಿ ರಿಪೇರಿಯ ಮಾತನ್ನಾಡತಕ್ಕದ್ದು. ಅನಂತರ ತಂಪಿನ ವ್ಯವಸ್ಥೆ. ಹಳೆಯ ಮಿಯಾಟದ ರೇಡಿಯೇಟರಿನ ಮೇಲ್ಭಾಗದ ತೊಟ್ಟಿ ಪ್ಲಾಸ್ಟಿಕ್ಕಿನದು. ವರ್ಷಗಳುರುಳಿದಂತೆ ಕಪ್ಪುಬಣ್ಣ ಮಾಸಿ ಕಂದಾಗುವುದು, ಬಳಿಕ ಬಿರಿಯುವುದು. ಟರ್ಬೋವಿನ ಉಷ್ಣವನ್ನು ಅದು ತಾಳಲಾರದು. ಇಂಜಿನಿನ ಟೈಮಿಂಗ್ ಬೆಲ್ಟನ್ನು 60,000 ಮೈಲಿಗೊಮ್ಮೆ ಬದಲಾಯಿಸಬೇಕೆಂದು ವಿಧಿಯುಂಟು. ನೀರಿನ ಪಂಪನ್ನು ತೆಗೆಯಬೇಕಾದರೂ ಈ ಬೆಲ್ಟನ್ನೇ ಬಿಚ್ಚಬೇಕು. ಆದುದರಿಂದ ಎರಡನ್ನೂ ಒಂದೇ ಸಲ ಮುಗಿಸುವವನು ಒಂದು ಕೂಲಿಯನ್ನು ಉಳಿಸಿದಂತಾಯಿತು. ಕ್ಲಚ್ಚಿನದೂ ಇದೇ ಬಗೆ. ಗೇರುಪೆಟ್ಟಿಗೆಯನ್ನು ಇಳಿಸಿದಾಗ ಇಂಜಿನಿನ ಹಿಂಬದಿಯ ಎಣ್ಣೆಯ ಸೀಲನ್ನೂ ಕ್ಲಚ್ಚಿನ ಬೇರಿಂಗನ್ನೂ ಬದಲಾಯಿಸಿಬಿಡತಕ್ಕದ್ದು. ಮೇಲಾಗಿ, ಹೊಸ ಕ್ಲಚ್ಚು ಕೆಲವು ನೂರು ಮೈಲಿ ಮೆಲ್ಲಗೆ ಓಡಿ ಹದಗೊಳ್ಳಬೇಕಾದುದರಿಂದ, ಟರ್ಬೋಕ್ಕೆ ಬಹು ಮುಂಚೆಯೇ ಅದು ಸಿದ್ಧವಾಗಿರಬೇಕು.

ಬ್ರೇಕಿನ ವಿಷಯವನ್ನು ಮನೆಯವರೆಲ್ಲರೂ ಗಮನಿಸತಕ್ಕದ್ದು. ಗಂಟೆಗೆ 100 ಕಿಲೋಮೀಟರು ವೇಗದ ಗಾಡಿಯನ್ನು ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿಯು, ವೇಗ 140ಕ್ಕೆ ಏರಿದರೆ ಹೆಚ್ಚು ಕಡಮೆ ಇಮ್ಮಡಿಯಾಗುವುದು. 1.8 ಲೀಟರ್ ಮಿಯಾಟದ ದೊಡ್ಡ ಬ್ರೇಕುಗಳು ಹಳೆಯ ಗಾಡಿಗೂ ಹೊಂದುವುದರಿಂದ, ಹವ್ಯಾಸಿಗಳು ಗುಜರಿಯಿಂದ ಅವನ್ನು ಅಗ್ಗವಾಗಿ ತರುವರು. ಅದಕ್ಕಿಂತಲೂ ದೊಡ್ಡ ಬ್ರೇಕು ಬೇಕೆನ್ನುವವನು ಚಕ್ರಗಳನ್ನು ಕೊಳ್ಳುವ ಮುನ್ನವೇ ಅದನ್ನು ನಿಶ್ಚಯಿಸಬೇಕು. ಇಲ್ಲವಾದರೆ ಹೊಸ ಚಕ್ರದೊಳಗೆ ಬ್ರೇಕು ಹಿಡಿಸದೆ ಚಕ್ರಕ್ಕೆ ಎರಡು ಬಾರಿ ಹಣ ತೆರಬೇಕಾದೀತು. ಸ್ಪ್ರಿಂಗು, ಷಾಕ್ ಅಬ್ಸಾರ್ಬರು, ರಬ್ಬರಿನ ಬುಷ್ಷುಗಳನ್ನು ಒಟ್ಟಿಗೆ ಹಾಕಿ, ಚಕ್ರಗಳ ಅಲೈನ್‌ಮೆಂಟನ್ನು ಆ ಮೇಲೆ ಒಂದೇ ಸಲ ಮಾಡಿಸುವುದು.

ಬಹುಮಂದಿ ಇದನ್ನೆಲ್ಲ ಬಿಟ್ಟು ಮೊದಲು ಗದ್ದಲ ಮಾಡುವ ಹೊಗೆಕೊಳವೆಯನ್ನೇ ತರುವರು. ನೆರೆಹೊರೆಯವರ ನಿದ್ರಾಭಂಗದ ಮಾತು ಹಾಗಿರಲಿ, ಇಂಜಿನಿಗೆ ಅಂಟಿದ ಹೊಗೆಕವಲನ್ನು ಈಗ ಬೆಲೆಕೊಟ್ಟು ಬದಲಾಯಿಸಿದರೆ, ಟರ್ಬೋ ಬಂದ ದಿನ ಅದನ್ನು ಕಿತ್ತೆಸೆಯಬೇಕಾಗುವುದು. ಟರ್ಬೋಕ್ಕೆ ಬೇಕಾದ ಕವಲೇ ಬೇರೆ.

ಕಾನೂನನ್ನೂ ಮೊದಲೇ ವಿಚಾರಿಸಿಕೊಳ್ಳುವುದು ಅವಶ್ಯ. ಕ್ಯಾಲಿಫೋರ್ನಿಯದಲ್ಲಿ ನೆಲಸಿರುವ ನಮ್ಮವರು ಇಂತಹ ಭಾಗಗಳಿಗೆ ಅಲ್ಲಿನ ವಾಯುಮಂಡಲಿಯ ಒಪ್ಪಿಗೆಯ ಸಂಖ್ಯೆ ಇದೆಯೇ ಎಂದು ನೋಡಬೇಕು. ನಮ್ಮ ದೇಶದಲ್ಲಾದರೋ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುವುದು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಹೇಳಿತು.

ಇನ್ನು ಟರ್ಬೋವಿನ ಸರದಿ. ಗಾಳಿ ಹೆಚ್ಚಿ ಪೆಟ್ರೋಲು ಹೆಚ್ಚದಿದ್ದರೆ ಒಳಗಿನ ಉರಿಯು ಮಿತಿಮೀರಿ, ಇಂಜಿನು ಕುಟ್ಟತೊಡಗಿ, ಪಿಸ್ಟನ್ನು ಒಡೆಯುವುದು. ಇದಕ್ಕೆ ಕೆಲವು ಕ್ಷಣಗಳು ಸಾಕು. ಆದುದರಿಂದ ಪೆಟ್ರೋಲನ್ನೂ ಕಿಡಿಯನ್ನೂ ಆಳುವ ಹೊಸ ಕಂಪ್ಯೂಟರನ್ನು, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸಾಧನವನ್ನು, ಹೆಚ್ಚು ಪೆಟ್ರೋಲು ಚಿಮ್ಮುವ ಇಂಜೆಕ್ಟರುಗಳನ್ನು ಮೊದಲು ಕೂಡಿಸಿ, ಟರ್ಬೋ ಇಲ್ಲದೆಯೇ ಗಾಡಿಯನ್ನು ಕೆಲವು ದಿನ ಓಡಿಸುವರು. ಎಲ್ಲವೂ ಸರಿಯೆಂದು ಕಂಡಮೇಲೆ ಟರ್ಬೋವನ್ನು ಜೋಡಿಸಿ, ಅತ್ಯಲ್ಪ ಒತ್ತಡದಿಂದ ಆರಂಭಿಸಿ, ಪರೀಕ್ಷಾಯಂತ್ರದ ಮೇಲೆ ನಿಲ್ಲಿಸಿ, ಬಲ್ಲವರಿಂದ ಹಂತಹಂತವಾಗಿ ಹದಗೊಳಿಸತಕ್ಕದ್ದು. ಮೊದಲ ಕೆಲವು ಪ್ರಯಾಣಗಳಾದ ಬಳಿಕ, ಇಂಜಿನು ಪೂರ್ತಿ ಆರಿದ ಮೇಲೆ, ಟರ್ಬೋವನ್ನು ಹಿಡಿದಿರುವ ನಟ್ಟುಗಳನ್ನು ಮತ್ತೆ ಬಿಗಿಮಾಡಿ ನೋಡಬೇಕು. ಕಾದು ಆರಿ ಕಾದು ಆರಿ ಅವು ಸಡಿಲವಾಗುವುದುಂಟು.