ಹೊತ್ತನ್ನರಿತ ಯಂತ್ರ

ಯಂತ್ರದ ಗಡಿಯಾರಗಳು ಬಳಕೆಗೆ ಬರುವ ಮೊದಲು ಭಾರತದಲ್ಲಿ ಗಳಿಗೆ ಬಟ್ಟಲಿನಿಂದ ಕಾಲವನ್ನು ಅಳೆಯುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವಿದ್ದ ಲೋಹದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ಒಂದು ಗಳಿಗೆಯಲ್ಲಿ, ಎಂದರೆ 24 ನಿಮಿಷಗಳಲ್ಲಿ, ತುಂಬಿ ಮುಳುಗುತ್ತಿತ್ತು. ಕೂಡಲೇ ಕಾವಲಿನವನು ಜಾಗಟೆ ಬಾರಿಸಿ ಬಟ್ಟಲನ್ನು ಮತ್ತೆ ತೇಲಿಬಿಡಬೇಕಾಗಿತ್ತು. ಅವನು ಬೇರೆ ಕೆಲಸಕ್ಕೆ ಎದ್ದುಹೋಗುವಂತಿರಲಿಲ್ಲ. ತೂಕಡಿಸಿದರೆ ಹೊತ್ತಿನ ಲೆಕ್ಕವೇ ತಪ್ಪುತ್ತಿತ್ತು.

ಇಂದು ಬಟ್ಟೆ ಒಗೆಯುವ ಯಂತ್ರದಿಂದ ಹಿಡಿದು ಮೋಟಾರು ವಾಹನದವರೆಗೆ ಅನೇಕ ಸಾಧನಗಳ ಒಡಲಿನಲ್ಲಿ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕವು ಅಡಗಿದೆ. ಇದಕ್ಕೂ ಹೊತ್ತು ಕಾಯುವ ಕೆಲಸ ತಪ್ಪಿದ್ದಲ್ಲ. ದೀಪವನ್ನು ಸೆಕೆಂಡಿಗೊಮ್ಮೆ ಬೆಳಗಿಸಿ ಆರಿಸಬೇಕಾದರೆ, ಆಜ್ಞೆಗಳನ್ನು ನಡೆಸುವ ಭಾಗವಾದ ಪ್ರೊಸೆಸರನ್ನು ಅಷ್ಟು ಕಾಲ ಸುಮ್ಮನೆ ಎಣಿಸುತ್ತ ಕೂರಿಸಬಹುದು. ಆದರೆ ಆಗ ಅದರ ಪಾಡು ಬಟ್ಟಲು ಕಾಯುವವನ ಪಾಡೇ ಆಗುತ್ತದೆ. ಅದು ಎಣಿಸುತ್ತಿರುವಾಗ ಯಾರಾದರೂ ಗುಂಡಿಯನ್ನು ಒತ್ತಿದರೆ ಅದರ ಗಮನಕ್ಕೆ ಬಾರದೆ ಹೋಗಬಹುದು.

ಈ ತೊಡಕನ್ನು ನೀಗಿಸಲು ಮೈಕ್ರೊಕಂಟ್ರೋಲರಿನೊಳಗೆ ಟೈಮರ್ ಎಂಬ ಪ್ರತ್ಯೇಕ ಎಣಿಕೆಯ ಭಾಗವನ್ನು ಇರಿಸಿದ್ದಾರೆ. ಗಡಿಯಾರದ ಮಿಡಿತಕ್ಕೊಂದರಂತೆ ಅದರ ಸಂಖ್ಯೆ ಏರುತ್ತ ಹೋಗುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನು ಬರೆದಿಡುವ ಸ್ಥಾನವಿದೆ. ಏರುವ ಸಂಖ್ಯೆಯನ್ನೂ ಬರೆದಿಟ್ಟ ಸಂಖ್ಯೆಯನ್ನೂ ಒಂದು ಮಂಡಲವು ಎಡೆಬಿಡದೆ ಹೋಲಿಸಿ ನೋಡುತ್ತಿರುತ್ತದೆ. ಎರಡೂ ಸಮನಾದ ಕ್ಷಣದಲ್ಲಿ ಅದು ಹೊರಗಿನ ತಂತಿಯ ವಿದ್ಯುತ್ ಸ್ಥಿತಿಯನ್ನು ತಾನಾಗಿಯೇ ಬದಲಿಸುತ್ತದೆ. ಬೇಕಿದ್ದರೆ ಪ್ರೊಸೆಸರಿಗೂ ಸೂಚನೆ ಕೊಡುತ್ತದೆ. ಈ ವ್ಯವಸ್ಥೆಗೆ ಔಟ್‌ಪುಟ್ ಕಂಪೇರ್ ಎಂದು ಹೆಸರು. ಜಾಗಟೆಯನ್ನು ತಾನೇ ಬಾರಿಸುವ ಗಳಿಗೆ ಬಟ್ಟಲೆಂದು ಇದನ್ನು ತಿಳಿಯಬಹುದು.

ಆರ್ಡುಯಿನೊ ಊನೊ ಫಲಕದ ಮೂಲಕ ಅನೇಕ ವಿದ್ಯಾರ್ಥಿಗಳಿಗೆ ಪರಿಚಿತವಾದ ಅಟ್‌ಮೆಗಾ 328ಪಿ ಎಂಬ ಮೈಕ್ರೊಕಂಟ್ರೋಲರನ್ನು ಉದಾಹರಣೆಯಾಗಿ ನೋಡೋಣ. ಆ ಫಲಕದಲ್ಲಿ ಅದರ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಬಾರಿ ಮಿಡಿಯುತ್ತದೆ. ಅದರ ದೊಡ್ಡ ಟೈಮರಾದರೋ 65,535ಕ್ಕಿಂತ ಹೆಚ್ಚು ಎಣಿಸಲಾರದು. ಆದ್ದರಿಂದ 256 ಮಿಡಿತಗಳಿಗೆ ಒಂದು ಎಣಿಕೆಯಾಗುವಂತೆ ಏರ್ಪಡಿಸುತ್ತಾರೆ. ಆಗ ಸೆಕೆಂಡಿಗೆ 62,500 ಎಣಿಕೆಗಳಾಗುತ್ತವೆ. ಸಂಖ್ಯೆ ಸಮನಾದೊಡನೆ ಟೈಮರು ಶೂನ್ಯಕ್ಕೆ ಮರಳಿ ಹೊಸದಾಗಿ ಎಣಿಸುವಂತೆಯೂ ಮಾಡಬಹುದು. ಹಾಗೆ ಮಾಡಿದಾಗ ಬರೆದಿಡಬೇಕಾದ ಸಂಖ್ಯೆ 62,500 ಅಲ್ಲ, 62,499. ಏಕೆಂದರೆ ಶೂನ್ಯವೂ ಒಂದು ಎಣಿಕೆಯೇ. ಇದನ್ನು ಮರೆತರೆ ಪ್ರತಿ ಸೆಕೆಂಡಿಗೂ 16 ಮೈಕ್ರೊಸೆಕೆಂಡು ಹೆಚ್ಚಾಗಿ, ಒಂದು ದಿನಕ್ಕೆ ಸುಮಾರು 1.4 ಸೆಕೆಂಡು, 30 ದಿನಗಳಿಗೆ ಸುಮಾರು 41 ಸೆಕೆಂಡು ಹಿಂದುಳಿಯುತ್ತದೆ. ಹನಿಗೂಡಿ ಹಳ್ಳವಾಗುವುದು ತಪ್ಪಿನ ವಿಷಯದಲ್ಲಿಯೂ ನಿಜ.

ದೀಪ ಬೆಳಗುವುದು ತುಸು ತಡವಾದರೆ ಹಾನಿಯಿಲ್ಲ. ಪೆಟ್ರೋಲ್ ಎಂಜಿನ್ನಿನ ಮಾತು ಬೇರೆ. ಅದು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವಾಗ ಒಂದು ಡಿಗ್ರಿ ತಿರುಗಲು ಹಿಡಿಯುವ ಕಾಲ ಸುಮಾರು 56 ಮೈಕ್ರೊಸೆಕೆಂಡು ಮಾತ್ರ. ಕಿಡಿಯು ತಡವಾಗಿ ಹೊತ್ತಿದರೆ ಶಕ್ತಿ ವ್ಯರ್ಥವಾಗುತ್ತದೆ; ಅತಿ ಬೇಗನೆ ಹೊತ್ತಿದರೆ ಎಂಜಿನ್ನು ಬಡಿದುಕೊಂಡು ಅದರ ಭಾಗಗಳು ಕೆಡಬಹುದು. 1980ರ ದಶಕದಲ್ಲಿ ಮೋಟೊರೋಲಾ ಸಂಸ್ಥೆ ಹೊರತಂದ 68ಎಚ್‌ಸಿ11 ಎಂಬ ಮೈಕ್ರೊಕಂಟ್ರೋಲರಿನಲ್ಲಿ ಒಂದೇ ಟೈಮರಿಗೆ ಇಂತಹ ಐದು ಹೋಲಿಕೆಯ ವ್ಯವಸ್ಥೆಗಳಿದ್ದವು. ವಾಹನಗಳ ಎಂಜಿನ್ ನಿಯಂತ್ರಣಕ್ಕೂ ಅದು ಬಳಕೆಯಾಯಿತು. ಇಂತಹ ನಿಯಂತ್ರಣದಲ್ಲಿ ಎಂಜಿನ್ನು ಎಲ್ಲಿಯವರೆಗೆ ತಿರುಗಿದೆಯೆಂಬ ಸುಳಿವು ಬಂದೊಡನೆ ಪ್ರೊಸೆಸರ್ ಟೈಮರಿನ ಸಂಖ್ಯೆಯನ್ನು ಓದುತ್ತದೆ. ಕಿಡಿ ಹೊತ್ತಬೇಕಾದ ಹೊತ್ತಿಗೆ ಎಷ್ಟಾಗುವುದೆಂದು ಕೂಡಿ, ಆ ಸಂಖ್ಯೆಯನ್ನು ಬರೆದಿಟ್ಟು, ಬೇರೆ ಕೆಲಸಕ್ಕೆ ತೊಡಗುತ್ತದೆ. ಅದು ಎಲ್ಲಿಯೇ ಮಗ್ನವಾಗಿದ್ದರೂ ಸಂಕೇತವು ಸರಿಯಾದ ಗಳಿಗೆಯಲ್ಲಿ ಹೊರಡುತ್ತದೆ.

ಆದರೆ ಒಂದು ನಿಯಮವನ್ನು ಮರೆಯುವಂತಿಲ್ಲ. ಸಂಖ್ಯೆಯನ್ನು ಆ ಕ್ಷಣ ಬರುವ ಮೊದಲೇ ಬರೆದಿಡಬೇಕು. ಕ್ಷಣ ದಾಟಿದ ಮೇಲೆ ಬರೆದರೆ, ಎಣಿಕೆ ಇನ್ನೊಂದು ಸುತ್ತು ಪೂರೈಸಿ ಬರುವವರೆಗೂ ಹೊಂದಿಕೆಯಾಗದು. ಯಂತ್ರವು ಹೊತ್ತನ್ನು ತಪ್ಪದೆ ಕಾಯುತ್ತದೆ, ನಿಜ. ಆದರೆ ಯಾವ ಹೊತ್ತನ್ನು ಕಾಯಬೇಕೆಂದು ಮುಂದಾಗಿ ಯೋಚಿಸಿ ಗೊತ್ತುಮಾಡುವ ಹೊಣೆ ಮನುಷ್ಯನದೇ ಆಗಿದೆ.