ಮನೆಯ ಅಡುಗೆಗೆ ತಕ್ಕ ಒಲೆಯ ಆಯ್ಕೆ
ಐವರ್ನಾಡಿನಂತಹ ತೋಟದ ಗ್ರಾಮಗಳಲ್ಲಿ ಸೌದೆ, ತೆಂಗಿನ ಮಡಲು ಧಾರಾಳ. ಕುಚ್ಚಲಕ್ಕಿ ಬೇಯಲು ಸಮಯವೂ ಅಧಿಕ. ಆದುದರಿಂದ ಸೌದೆ ಒಲೆಯನ್ನು ಪೂರ್ಣವಾಗಿ ತ್ಯಜಿಸುವುದು ಕಷ್ಟ. ಆದರೆ ಹೊಗೆಯು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ, ಭಾರತೀಯ ವಿಜ್ಞಾನ ಸಂಸ್ಥೆಯು ರೂಪಿಸಿದ ಅಸ್ತ್ರ ಒಲೆಯಲ್ಲಿರುವಂತೆ ಹೊಗೆಕೊಳವೆ ಇರಲೇಬೇಕು. ನಿತ್ಯದ ಸಣ್ಣ ಅಡುಗೆಗೆ ಗ್ಯಾಸ್ ಒಲೆಯೇ ಉತ್ತಮ. ನಾಲ್ಕೈದು ಹಸುಗಳಿರುವ ಮನೆಗೆ ಗೋಬರ್ ಗ್ಯಾಸ್ ಇನ್ನೂ ಲಾಭಕರ.

ಇಂಡಕ್ಷನ್ ಒಲೆಯ ವಿಷಯದಲ್ಲಿ ಲೆಕ್ಕಾಚಾರ ಅಗತ್ಯ. 2,000 ವ್ಯಾಟಿನ ಒಲೆಯನ್ನು ಪೂರ್ಣ ಶಾಖದಲ್ಲಿ ದಿನಕ್ಕೊಂದು ಗಂಟೆ ಬಳಸಿದರೆ ತಿಂಗಳಿಗೆ 60 ಯೂನಿಟ್ ವ್ಯಯವಾಗುತ್ತದೆ. ಗೃಹಜ್ಯೋತಿಯಲ್ಲಿ ಅರ್ಹ ಯೂನಿಟ್ ಮೀರಿದ ಬಳಕೆಗೆ ಹಣ ತೆರಬೇಕು. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನೇ ಪಾವತಿಸಬೇಕು. ಸಾಮಾನ್ಯ ಅಲ್ಯೂಮಿನಿಯಂ ಪಾತ್ರೆ, ಮಣ್ಣಿನ ಗಡಿಗೆ ಇದರ ಮೇಲೆ ಕಾಯುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದ ದಿನ ಈ ಒಲೆಯೂ ಇಲ್ಲ. ಸದಸ್ಯರು ಇದನ್ನು ವಾರ್ಡ್ ಸಭೆಯಲ್ಲಿ ತಿಳಿಸತಕ್ಕದ್ದು.